ಪರರ ನೆಲದ ಭವಿಷ್ಯ ನುಡಿಯುವ ಮುನ್ನ

ಯುದ್ಧದಲ್ಲಿ ತೊಡಗಿರುವ ದೇಶವೊಂದು ತನ್ನ ವಿವಾದಿತ ನೆಲವನ್ನು ಕೊನೆಗೆ ಬಿಟ್ಟುಕೊಡುವುದೋ, ಇಲ್ಲವೋ? ಪ್ರಿಯ ಓದುಗರೇ, ಈ ಪ್ರಶ್ನೆ ರಾಜತಂತ್ರಜ್ಞರ ಕೋಣೆಯಿಂದ ಹೊರಬಿದ್ದು ನಮ್ಮ ನಿಮ್ಮ ಮನೆಗಳೊಳಗೂ ಬಂದಿದೆ. ರಾತ್ರಿಯ ವಾರ್ತೆ ಮುಗಿದ ಮೇಲೆ ಊಟಕ್ಕೆ ಕುಳಿತಾಗ ತಂದೆ ಒಂದು ಭವಿಷ್ಯ ನುಡಿಯುತ್ತಾರೆ, ಕಾಲೇಜಿಗೆ ಹೋಗುವ ಮಗ ಅದನ್ನು ಅಲ್ಲಗಳೆಯುತ್ತಾನೆ. ಇಂತಿಷ್ಟು ತಿಂಗಳೊಳಗೆ ಇಂಥ ಪ್ರಾಂತ್ಯ ಕೈಬಿಡುತ್ತದೆಯೇ ಎಂಬುದರ ಮೇಲೆ ಹಣ ಕಟ್ಟಿ ಆಡುವ ಮಾರುಕಟ್ಟೆಗಳೂ ಅಂತರಜಾಲದಲ್ಲಿ ಹುಟ್ಟಿಕೊಂಡಿವೆ. ಮಳೆ ಬರುವುದೋ ಇಲ್ಲವೋ ಎಂದು ಲೆಕ್ಕ ಹಾಕಿದಷ್ಟೇ ಸಲೀಸಾಗಿ ಒಂದು ಜನಾಂಗದ ನೆಲ ಹೋಗುವುದೋ ಉಳಿಯುವುದೋ ಎಂದು ಲೆಕ್ಕ ಹಾಕುತ್ತೇವೆ.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಮುಂದಾಗುವುದನ್ನು ಊಹಿಸುವುದು ಮನುಷ್ಯನ ಸಹಜ ಗುಣ. ಬಿತ್ತನೆ ಮಾಡುವ ರೈತನೂ ಊಹಿಸುತ್ತಾನೆ, ಮಗಳ ಮದುವೆಗೆ ಹಣ ಕೂಡಿಡುವ ತಾಯಿಯೂ ಊಹಿಸುತ್ತಾಳೆ. ಆದರೆ ಮೋಡಕ್ಕೆ ನಮ್ಮ ಮಾತು ಕೇಳಿಸುವುದಿಲ್ಲ. ನಾವು ಏನೇ ಹೇಳಿದರೂ ಅದು ತನ್ನ ಪಾಡಿಗೆ ತಾನು ಸುರಿಯುತ್ತದೆ ಅಥವಾ ಸರಿದುಹೋಗುತ್ತದೆ. ನೆಲದ ವಿಷಯ ಹಾಗಲ್ಲ. ಅಲ್ಲಿ ಮನೆ ಕಟ್ಟಿದವರಿದ್ದಾರೆ, ಹಿರಿಯರನ್ನು ಮಣ್ಣು ಮಾಡಿದವರಿದ್ದಾರೆ. ಅವರ ಬದುಕನ್ನು ಕುರಿತು ದೂರದಲ್ಲಿ ಕುಳಿತು ಭವಿಷ್ಯ ನುಡಿಯುವಾಗ ನಮ್ಮ ಮೇಲೆ ಯಾವ ನೈತಿಕ ಹೊಣೆ ಬೀಳುತ್ತದೆ? ಈ ಲೇಖನ ಕೇಳಹೊರಟಿರುವುದು ಇಷ್ಟನ್ನೇ. ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಹಚ್ಚೊಳ್ಳಿಗಳಲ್ಲಿ ವಾಸಿಸುವವರು ಇಂಥ ಪ್ರಶ್ನೆಗೆ ಒಮ್ಮೆಯಲ್ಲ, ಎರಡು ಬಾರಿ ವಸ್ತುವಾದವರು.

ದತ್ತ ಮಂಡಲವೆಂಬ ಹೆಸರು

ಬಳ್ಳಾರಿ ಸೀಮೆಗೆ ಹಳೆಯ ಕಾಗದಪತ್ರಗಳಲ್ಲಿ ಇರುವ ಹೆಸರು ದತ್ತ ಮಂಡಲ. ದತ್ತ ಎಂದರೆ ಕೊಡಲ್ಪಟ್ಟದ್ದು. 1792 ಮತ್ತು 1799ರ ಮೈಸೂರು ಯುದ್ಧಗಳಲ್ಲಿ ಟಿಪ್ಪು ಸುಲ್ತಾನನ ರಾಜ್ಯದಿಂದ ಕಿತ್ತುಕೊಂಡ ನಾಡುಗಳಲ್ಲಿ ಹೈದರಾಬಾದಿನ ನಿಜಾಮನ ಪಾಲಿಗೆ ಬಂದವುಗಳನ್ನು ಆತನು 1800ರ ಅಕ್ಟೋಬರ್‌ನಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ತನ್ನ ರಕ್ಷಣೆಗೆಂದು ಇರಿಸಿಕೊಂಡಿದ್ದ ಕಂಪೆನಿಯ ಸೇನೆಯ ಖರ್ಚಿಗೆ ಬದಲಾಗಿ ಆತ ಕೊಟ್ಟದ್ದು ಹಣವನ್ನಲ್ಲ, ನಾಡನ್ನು. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳೂ ಕರ್ನೂಲಿನ ಒಂದು ಭಾಗವೂ ಹೀಗೆ ಒಂದು ಒಪ್ಪಂದದ ಬಲದಿಂದ ಕೈ ಬದಲಾಯಿಸಿದವು. ಥಾಮಸ್ ಮನ್ರೋ ಇಲ್ಲಿನ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದನು. ಪಾಳೆಯಗಾರರನ್ನು ಅಡಗಿಸಿದನು, ಹೊಲಗಳನ್ನು ಅಳೆಯಿಸಿದನು, ರೈತವಾರಿ ಕಂದಾಯ ಪದ್ಧತಿಗೆ ತಳಹದಿ ಹಾಕಿದನು.

ಆ ವರ್ಷ ಹೈದರಾಬಾದಿನಲ್ಲಿ ಒಬ್ಬ ಚತುರನನ್ನು ನಿಲ್ಲಿಸಿ, ನಿಜಾಮನು ಈ ಸೀಮೆಯನ್ನು ಬಿಟ್ಟುಕೊಡುವನೇ ಎಂದು ಕೇಳಿದ್ದರೆ ಆತ ಸರಿಯಾದ ಉತ್ತರವನ್ನೇ ಹೇಳುತ್ತಿದ್ದನೇನೋ. ಸೇನೆ ಯಾರದು, ಸಾಲ ಯಾರದು, ಭಯ ಯಾರಿಗೆ ಎಂಬುದನ್ನು ಬಲ್ಲವನಿಗೆ ಅದು ಕಷ್ಟದ ಲೆಕ್ಕವಲ್ಲ. ಆದರೆ ಆ ಸರಿಯುತ್ತರದಲ್ಲಿ ವೇದಾವತಿಯ ದಡದ ಒಕ್ಕಲಿಗನ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಕೊಟ್ಟವನೂ ಅವನನ್ನು ಕೇಳಲಿಲ್ಲ, ಪಡೆದವನೂ ಕೇಳಲಿಲ್ಲ. ಕೊಟ್ಟವನಿಗೇ ಆ ನಾಡು ಕೈಸೇರಿ ಬಹುಕಾಲವಾಗಿರಲಿಲ್ಲ.

ಈ ಗಾಯ ಎಷ್ಟು ಕಾಲ ಉಳಿಯಿತೆಂಬುದಕ್ಕೆ ಒಂದು ಸಾಕ್ಷಿಯಿದೆ. 1928ರಲ್ಲಿ ನಂದ್ಯಾಲದಲ್ಲಿ ಸೇರಿದ ಆಂಧ್ರ ಮಹಾಸಭೆಯ ಸಂದರ್ಭದಲ್ಲಿ ಆ ಭಾಗದ ತೆಲುಗು ಮುಖಂಡರು ದತ್ತ ಮಂಡಲವೆಂಬ ಹೆಸರೇ ಅವಮಾನಕರವೆಂದು ಭಾವಿಸಿ, ತಮ್ಮ ಸೀಮೆಯನ್ನು ರಾಯಲಸೀಮೆ ಎಂದು ಕರೆದುಕೊಂಡರು. ಒಪ್ಪಂದವಾಗಿ 128 ವರ್ಷಗಳು ಕಳೆದಿದ್ದವು. ಸಹಿ ಹಾಕಿದವರ ಮೊಮ್ಮಕ್ಕಳೂ ಆ ಹೊತ್ತಿಗೆ ಉಳಿದಿರಲಿಲ್ಲ. ಆದರೂ ತಾವು ಯಾರೋ ಯಾರಿಗೋ ಕೊಟ್ಟ ವಸ್ತು ಎಂಬ ಮಾತು ಅಲ್ಲಿನವರನ್ನು ಚುಚ್ಚುತ್ತಲೇ ಇತ್ತು.

ಹುಸಿಯಾದ ಒಂದು ಭವಿಷ್ಯ

ಎರಡನೆಯ ಬಾರಿ ಈ ಪ್ರಶ್ನೆ ಬಂದದ್ದು ಸ್ವತಂತ್ರ ಭಾರತದಲ್ಲಿ. ಅದು ದೇಶ ದೇಶಗಳ ನಡುವಿನ ಯುದ್ಧವಲ್ಲ. ಒಂದೇ ದೇಶದ ಎರಡು ರಾಜ್ಯಗಳ ನಡುವಿನ ವ್ಯಾಜ್ಯ. ಈ ವ್ಯತ್ಯಾಸವನ್ನು ಮರೆಯಬಾರದು. ಆದರೂ ನೆಲ ಯಾರದೆಂಬ ಸಂಕಟ ಎರಡೂ ಕಡೆ ಒಂದೇ ಬಗೆಯದು.

ಪೊಟ್ಟಿ ಶ್ರೀರಾಮುಲು ಅವರು ಆಂಧ್ರ ರಾಜ್ಯಕ್ಕಾಗಿ ಉಪವಾಸ ಮಾಡಿ 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟ ಮೇಲೆ ಮದ್ರಾಸ್ ಪ್ರಾಂತ್ಯವನ್ನು ವಿಭಜಿಸುವುದು ಅನಿವಾರ್ಯವಾಯಿತು. ಆಗ ಬಳ್ಳಾರಿ ಜಿಲ್ಲೆಯೂ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮೈಸೂರಿಗೆ ಬಂದವು. ಕನ್ನಡ, ತೆಲುಗು, ಉರ್ದು ಮೂರೂ ಮನೆಮಾತಾಗಿದ್ದ ಬಳ್ಳಾರಿ ತಾಲ್ಲೂಕಿನ ವಿಷಯ ಮಾತ್ರ ಇತ್ಯರ್ಥವಾಗದೆ ಉಳಿಯಿತು. ನ್ಯಾಯಮೂರ್ತಿ ಎಲ್. ಎಸ್. ಮಿಶ್ರ ಅವರು ಉಭಯ ಪಕ್ಷಗಳ ವಾದವನ್ನು ಕೇಳಿ, ಅದು ಮೈಸೂರಿಗೆ ಸೇರತಕ್ಕದ್ದೆಂದು ವರದಿ ಕೊಟ್ಟರು. 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಉದಯವಾದ ದಿನವೇ, ಬಳ್ಳಾರಿ ಮೈಸೂರಿನೊಡನೆ ವಿಲೀನವಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು ದೇಶವನ್ನೆಲ್ಲಾ ಸುತ್ತಿ, ಒಂದೂವರೆ ಲಕ್ಷಕ್ಕೂ ಮೀರಿದ ಮನವಿಪತ್ರಗಳನ್ನು ಸ್ವೀಕರಿಸಿ, 9,000ಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿ 1955ರ ಸೆಪ್ಟೆಂಬರ್‌ನಲ್ಲಿ ವರದಿ ಸಲ್ಲಿಸಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನೂ ಮಲ್ಲಾಪುರ ಉಪತಾಲ್ಲೂಕಿನ ಸ್ವಲ್ಪ ಭಾಗವನ್ನೂ ಆಂಧ್ರಕ್ಕೆ ವರ್ಗಾಯಿಸಬೇಕೆಂದು ಅದರಲ್ಲಿ ಶಿಫಾರಸು ಮಾಡಿತು. ತುಂಗಭದ್ರಾ ಯೋಜನೆಯ ನೀರು ರಾಯಲಸೀಮೆಗೆ ಎಷ್ಟು ಅಗತ್ಯವೆಂಬ ವಿಚಾರ ಆ ಶಿಫಾರಸಿನ ಹಿಂದಿನ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಎರಡೇ ವರ್ಷಗಳ ಹಿಂದೆ ಮೈಸೂರಿಗೆ ಸೇರಿದ್ದ ಸಿರುಗುಪ್ಪ, ಅದರೊಳಗಿನ ಹಚ್ಚೊಳ್ಳಿ, ಮತ್ತೆ ತೂಗುಯ್ಯಾಲೆಯ ಮೇಲೆ ಕುಳಿತವು.

ಆ ದಿನಗಳಲ್ಲಿ ಒಬ್ಬ ವಿವೇಕಿಯನ್ನು ಕೇಳಿದ್ದರೆ ಆತ ಏನು ಹೇಳುತ್ತಿದ್ದ? ಕೇಂದ್ರ ಸರ್ಕಾರ ತಾನೇ ನೇಮಿಸಿದ ಆಯೋಗ. ಅದರ ಸದಸ್ಯರು ಘನತೆವೆತ್ತವರು. ಕಾರಣಗಳೂ ಕಣ್ಣಿಗೆ ಕಾಣುವಂಥವು. ಈ ಮೂರು ತಾಲ್ಲೂಕುಗಳು ಹೋದವೆಂದೇ ತಿಳಿಯಿರಿ ಎಂದು ಆತ ಹೇಳುತ್ತಿದ್ದರೆ ಅವನನ್ನು ದೂರಲಾಗದು. ಆದರೆ ಅವು ಹೋಗಲಿಲ್ಲ. ಆಗಲೇ ಇತ್ಯರ್ಥವಾಗಿದ್ದುದನ್ನು ಮತ್ತೆ ಕೆದಕುವುದಕ್ಕೆ ಕನ್ನಡಿಗರು ಬಲವಾಗಿ ವಿರೋಧಿಸಿದರು. ಸರ್ಕಾರವು ಶಿಫಾರಸಿನ ಆ ಭಾಗವನ್ನು ಕೈಬಿಟ್ಟಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ರೂಪುಗೊಂಡಾಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳು ಅದರೊಳಗೇ ಇದ್ದವು.

ಬೇಕಾದದ್ದು ನೆಲವೋ, ನೀರೋ?

ಈ ಘಟನೆಯಲ್ಲಿ ನಾವು ಕಲಿಯತಕ್ಕ ಮಾತು ಒಂದಿದೆ. ಆಂಧ್ರದ ಕಡೆಯವರ ಕಾಳಜಿ ಸುಳ್ಳಾಗಿರಲಿಲ್ಲ. ಬರದಿಂದ ಬೆಂದ ರಾಯಲಸೀಮೆಗೆ ತುಂಗಭದ್ರೆಯ ನೀರು ಜೀವದ ಪ್ರಶ್ನೆಯಾಗಿತ್ತು. ಆದರೆ ನೀರಿಗಾಗಿ ನೆಲವೇ ಬೇಕೆಂಬ ತೀರ್ಮಾನ ಮಾತ್ರ ಅನಿವಾರ್ಯವಾಗಿರಲಿಲ್ಲ. 1953ರಲ್ಲಿ ರಚಿತವಾದ ತುಂಗಭದ್ರಾ ಮಂಡಳಿಯು ಎರಡೂ ರಾಜ್ಯಗಳ ಪರವಾಗಿ ಅಣೆಕಟ್ಟನ್ನೂ ಉಭಯ ರಾಜ್ಯಗಳಿಗೆ ಸಂಬಂಧಿಸಿದ ಕಾಲುವೆಗಳನ್ನೂ ನೋಡಿಕೊಳ್ಳತೊಡಗಿತು. ಕೆಳಮಟ್ಟದ ಕಾಲುವೆಯ ನೀರು ಬಳ್ಳಾರಿ ಸೀಮೆಯ ಹೊಲಗಳನ್ನು ತೋಯಿಸಿ, ಗಡಿ ದಾಟಿ ಕರ್ನೂಲು ಸೀಮೆಯ ಹೊಲಗಳಿಗೂ ಹರಿಯುತ್ತದೆ. ಪಾಲಿನ ವಿಷಯದಲ್ಲಿ ತಕರಾರು ಇದ್ದೇ ಇದೆ. ಹೂಳಿನ ಬಗ್ಗೆ, ಬೇಸಿಗೆ ಬೆಳೆಯ ನೀರಿನ ಬಗ್ಗೆ ಮಾತಿಗೆ ಮಾತು ಬೆಳೆಯುತ್ತಲೇ ಇರುತ್ತದೆ. ಆದರೂ ಗಡಿ ಇದ್ದಲ್ಲಿಯೇ ಇದ್ದುಕೊಂಡು ನೀರು ಅತ್ತ ಹೋಯಿತು.

ಬಿಟ್ಟುಕೊಡುವರೇ, ಇಲ್ಲವೇ ಎಂದು ಎರಡೇ ಉತ್ತರಗಳ ಪ್ರಶ್ನೆ ಹಾಕುವವನಿಗೆ ಈ ಮೂರನೆಯ ದಾರಿ ಕಾಣುವುದಿಲ್ಲ. ಪಂದ್ಯ ಕಟ್ಟುವವನಿಗಂತೂ ಅದು ಬೇಕಾಗಿಯೇ ಇಲ್ಲ. ಅವನಿಗೆ ಹೌದು ಅಥವಾ ಅಲ್ಲ ಎಂಬಷ್ಟೇ ಸಾಕು. ಪ್ರಶ್ನೆಯನ್ನು ಕಿರಿದುಗೊಳಿಸಿದಾಗ ಮನುಷ್ಯರ ವಿವೇಕಕ್ಕೆ ಇರುವ ಜಾಗವೂ ಕಿರಿದಾಗುತ್ತದೆ. ಅಷ್ಟೇ ಅಲ್ಲ, ಎಲ್ಲರೂ ಹೋಯಿತು ಹೋಯಿತು ಎಂದು ಹೇಳತೊಡಗಿದರೆ ಕಾಯುತ್ತಿರುವವನ ಎದೆ ಕುಸಿಯುತ್ತದೆ, ಕಿತ್ತುಕೊಳ್ಳುವವನ ಕೈಗೆ ಬಲ ಬರುತ್ತದೆ. ಇಂಥ ಭವಿಷ್ಯವಾಣಿ ಬರಿಯ ಊಹೆಯಾಗಿ ಉಳಿಯದೆ, ತಾನು ಹೇಳಿದ್ದನ್ನು ತಾನೇ ನಡೆಸಿಕೊಡುವ ಒಂದು ಕೈಯಾಗಿಬಿಡುತ್ತದೆ.

ಹಾಗೆಂದು ನಮ್ಮ ಕಡೆಗೆ ಉಳಿದದ್ದನ್ನು ಮಾತ್ರ ಎಣಿಸಿ ಸಂತೋಷಪಡುವುದೂ ನ್ಯಾಯವಲ್ಲ. ಆದೋನಿ, ಆಲೂರು, ರಾಯದುರ್ಗಗಳ ಕನ್ನಡ ಮನೆಗಳು ಗಡಿಯ ಆಚೆ ಉಳಿದವು. ಬಳ್ಳಾರಿಯ ತೆಲುಗು ಮನೆಗಳು ಈಚೆ ಉಳಿದವು. ವಿಲೀನೋತ್ಸವದ ಚಪ್ಪರವನ್ನು ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ಅವರು ಆಸಿಡ್ ಬಲ್ಬಿನ ದಾಳಿಗೆ ತುತ್ತಾಗಿ ಅಸುನೀಗಿದರು. ಒಂದೇ ದೇಶದೊಳಗಿನ, ನ್ಯಾಯಮೂರ್ತಿಗಳ ಮುಂದೆ ವಾದ ನಡೆದು ಮುಗಿದ ವ್ಯಾಜ್ಯಕ್ಕೆ ಇಷ್ಟು ಬೆಲೆ ತೆರಬೇಕಾಯಿತು. ಹಾಗಿರುವಾಗ, ಫಿರಂಗಿಗಳ ಮುಂದೆ ನಡೆಯುವ ವ್ಯಾಜ್ಯಕ್ಕೆ ತೆರುವ ಬೆಲೆ ಎಷ್ಟೆಂಬುದನ್ನು ಊಹಿಸಿರಿ.

ಲೋಕದ ಕನ್ನಡಿಯಲ್ಲಿ

1938ರ ಸೆಪ್ಟೆಂಬರ್ ಕೊನೆಯಲ್ಲಿ ಮ್ಯೂನಿಕ್ ನಗರದಲ್ಲಿ ಜರ್ಮನಿ, ಇಟಲಿ, ಬ್ರಿಟನ್, ಫ್ರಾನ್ಸ್‌ಗಳ ನಾಯಕರು ಸೇರಿ ಚೆಕೊಸ್ಲೊವಾಕಿಯಾದ ಸುಡೇಟನ್ ಪ್ರದೇಶವನ್ನು ಹಿಟ್ಲರನಿಗೆ ಕೊಡಿಸಿದರು. ನೆಲ ಕಳೆದುಕೊಳ್ಳುವ ದೇಶಕ್ಕೆ ಆ ಮಾತುಕತೆಯಲ್ಲಿ ಸ್ಥಾನವಿರಲಿಲ್ಲ. ಇಷ್ಟು ಕೊಟ್ಟರೆ ಶಾಂತಿ ಬರುವುದೆಂದು ಬಹುಮಂದಿ ನಂಬಿದರು. ಆರು ತಿಂಗಳೊಳಗೆ ಪ್ರಾಗ್ ನಗರವೂ ಹಿಟ್ಲರನ ವಶವಾಯಿತು. ಒಂದು ವರ್ಷ ತುಂಬುವ ಮೊದಲೇ ಮಹಾಯುದ್ಧ ಆರಂಭವಾಯಿತು.

ಇದಕ್ಕೆ ಪ್ರತಿಯಾಗಿ ಫಿನ್‌ಲೆಂಡಿನ ಉದಾಹರಣೆಯೂ ಇದೆ. 1940ರ ಮಾರ್ಚ್‌ನಲ್ಲಿ, ಚಳಿಗಾಲದ ಭೀಕರ ಯುದ್ಧದ ಬಳಿಕ, ಆ ಪುಟ್ಟ ದೇಶ ತನ್ನ ಕರೇಲಿಯ ಪ್ರದೇಶದ ಬಹುಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ತೊರೆದು ಬಂದರು. ಆದರೆ ದೇಶದ ಸ್ವಾತಂತ್ರ್ಯ ಉಳಿಯಿತು. ಬಂದವರಿಗೆ ಉಳಿದವರು ಕಾನೂನಿನ ಮೂಲಕ ತಮ್ಮ ಹೊಲಗಳಲ್ಲಿ ಪಾಲು ಕೊಟ್ಟರು. ನೆಲ ಬಿಟ್ಟುಕೊಡುವುದು ಎಂದೆಂದಿಗೂ ಹೇಡಿತನವೆಂದು ಹೇಳುವವರು ಈ ಉದಾಹರಣೆಯ ಮುಂದೆ ಸ್ವಲ್ಪ ನಿಲ್ಲಬೇಕು. ಜೀವಗಳನ್ನು ಉಳಿಸಲು ನೆಲವನ್ನು ಬಿಡುವ ನಿರ್ಧಾರ ನೋವಿನದಾದರೂ ನ್ಯಾಯವಾಗಿರಬಹುದು. ಆದರೆ ಆ ನಿರ್ಧಾರ ಕಳೆದುಕೊಳ್ಳುವವರದೇ ಆಗಿರಬೇಕು. ಅದರ ಭಾರವನ್ನು ಎಲ್ಲರೂ ಹಂಚಿಕೊಳ್ಳಬೇಕು.

ನಮ್ಮ ದೇಶವೂ ನೆಲ ಕೊಟ್ಟದ್ದುಂಟು. 2015ರಲ್ಲಿ ಸಂವಿಧಾನದ ನೂರನೆಯ ತಿದ್ದುಪಡಿಯ ಬಳಿಕ ಭಾರತ ಮತ್ತು ಬಾಂಗ್ಲಾದೇಶಗಳು 162 ಪರಾವೃತ ತುಂಡು ನೆಲಗಳನ್ನು ವಿನಿಮಯ ಮಾಡಿಕೊಂಡವು. ಭಾರತ 111ನ್ನು ಕೊಟ್ಟು 51ನ್ನು ಪಡೆಯಿತು. ಅಲ್ಲಿ ವಾಸವಾಗಿದ್ದವರನ್ನು, ನೀವು ಯಾವ ದೇಶದ ಪ್ರಜೆಗಳಾಗಬಯಸುವಿರಿ ಎಂದು ಕೇಳಲಾಯಿತು. ವಿಸ್ತೀರ್ಣದ ಲೆಕ್ಕದಲ್ಲಿ ಪಡೆದುದಕ್ಕಿಂತ ಕೊಟ್ಟದ್ದೇ ಹೆಚ್ಚು. ಆದರೂ ಆ ಹಸ್ತಾಂತರವನ್ನು ಯಾರೂ ಸೋಲೆಂದು ನೆನೆಯುವುದಿಲ್ಲ. 1800ರ ದತ್ತ ಮಂಡಲಕ್ಕೂ 2015ರ ಈ ಹಳ್ಳಿಗಳಿಗೂ ಇರುವ ಅಂತರ ಆ ಒಂದು ಪ್ರಶ್ನೆಯಲ್ಲಿದೆ.

ಇನ್ನು ಯುಕ್ರೇನ್. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ನುಗ್ಗಿದಾಗ ರಾಜಧಾನಿ ಕೀವ್ ಕೆಲವೇ ದಿನಗಳಲ್ಲಿ ಬೀಳುವುದೆಂದು ಅನೇಕ ತಜ್ಞರು ನುಡಿದರು, ಅದು ಬೀಳಲಿಲ್ಲ. ಸೆಪ್ಟೆಂಬರ್ 30ರಂದು ನಾಲ್ಕು ಪ್ರಾಂತ್ಯಗಳು ಎಂದೆಂದಿಗೂ ತನ್ನವೆಂದು ರಷ್ಯಾ ಸಾರಿತು. ಆರು ವಾರಗಳಲ್ಲಿ ಅವುಗಳಲ್ಲೊಂದರ ಮುಖ್ಯ ನಗರವಾದ ಖೆರ್ಸೋನ್‌ನಿಂದ ಅದರ ಸೇನೆ ಹಿಂದೆ ಸರಿಯಿತು. ಬಳಿಕ ಯುದ್ಧ ವರ್ಷಗಟ್ಟಲೆ ಎಳೆಯಿತು, ಹಳ್ಳಿ ಹಳ್ಳಿಗಳು ನೆಲಸಮವಾದವು, ನೆಲ ಬಿಟ್ಟು ಶಾಂತಿ ಕೊಳ್ಳಬೇಕೆಂಬ ಮಾತು ಮೇಲೆದ್ದಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ರಷ್ಯಾಗಳ ಅಧ್ಯಕ್ಷರು ಅಲಾಸ್ಕದಲ್ಲಿ ಭೇಟಿಯಾದರು. ಯುಕ್ರೇನಿನವರು ಆ ಮೇಜಿನ ಬಳಿ ಇರಲಿಲ್ಲ. ಜನಮತ ಪಡೆಯದೆ ದೇಶದ ಎಲ್ಲೆಯನ್ನು ಬದಲಿಸಲಾಗದೆಂದು ಆ ದೇಶದ ಸಂವಿಧಾನ ಹೇಳುತ್ತದೆ. ಅಲ್ಲಿನವರು ಕೊಡುವರೋ ಬಿಡುವರೋ ಎಂದು ನಾನು ಇಲ್ಲಿ ನುಡಿಯುವುದಿಲ್ಲ. ಕೇಳುವ ಹಕ್ಕು ಯಾರದು, ಉತ್ತರಿಸುವ ಹಕ್ಕು ಯಾರದು ಎಂಬುದನ್ನು ನೀವೇ ಯೋಚಿಸಿರಿ.

ಯೆರೆಮೀಯನ ಹೊಲ

ಭವಿಷ್ಯ ನುಡಿಯಲೇಬಾರದೇ? ಪವಿತ್ರ ಬೈಬಲ್ಲನ್ನು ಓದುವವರು ಹಾಗೆ ಹೇಳಲಾರರು. ಮುತ್ತಿಗೆಗೆ ಸಿಕ್ಕ ಜೆರುಸಲೇಮ್ ಬಾಬಿಲೋನಿಯರ ಕೈವಶವಾಗುವುದೆಂದು ಪ್ರವಾದಿ ಯೆರೆಮೀಯನು ಸಾರಿ ಸಾರಿ ಹೇಳಿದನು. ಎರಡು ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದು ಹನನ್ಯನೆಂಬವನು ಜನರ ಕಿವಿಗೆ ಇಂಪಾಗುವಂತೆ ನುಡಿದನು. ಜನ ಹನನ್ಯನನ್ನು ಮೆಚ್ಚಿದರು, ಯೆರೆಮೀಯನನ್ನು ದೇಶದ್ರೋಹಿಯೆಂದು ಕೆಸರಿನ ಬಾವಿಗೆ ಇಳಿಸಿದರು. ಕೊನೆಗೆ ನಿಜವಾದದ್ದು ಯೆರೆಮೀಯನ ಮಾತು.

ಆದರೆ ಅವನನ್ನು ಇಂದಿನ ಪಂದ್ಯಗಾರನಿಂದ ಬೇರೆಮಾಡುವುದು ಮಾತು ನಿಜವಾದುದಷ್ಟೇ ಅಲ್ಲ. ಹನನ್ಯನ ಸಿಹಿಮಾತನ್ನು ಕೇಳಿದಾಗ ಅವನು ಮೊದಲು ಹೇಳಿದ್ದು ಆಮೆನ್ ಎಂದು. ಸರ್ವೇಶ್ವರ ಹಾಗೆಯೇ ಮಾಡಲಿ ಎಂದು. ತನ್ನ ಭವಿಷ್ಯ ಸುಳ್ಳಾಗಲೆಂದು ಅವನ ಹೃದಯ ಹಾರೈಸಿತು. ನಗರ ಬೀಳುವುದೆಂದು ಖಚಿತವಾಗಿ ತಿಳಿದಿದ್ದಾಗಲೇ, ಸೆರೆಯಲ್ಲಿದ್ದುಕೊಂಡೇ, ಅನಾತೋತ್ ಊರಿನಲ್ಲಿದ್ದ ಬಂಧುವಿನ ಹೊಲವನ್ನು ಹದಿನೇಳು ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡುಕೊಂಡನು. ಕ್ರಯಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಇರಿಸಿದನು. ಶತ್ರುವಿನ ವಶವಾಗಲಿರುವ ಹೊಲಕ್ಕೆ ಹಣ ಕೊಟ್ಟವನನ್ನು ಲೋಕ ಮೂರ್ಖನೆನ್ನುತ್ತದೆ. ಅವನಿಗೆ ಆ ಹೊಲ ಲಾಭದ ವಸ್ತುವಾಗಿರಲಿಲ್ಲ. ಒಂದು ದಿನ ಜನ ಮರಳಿ ಬಂದು ಅಲ್ಲಿ ಬೇಸಾಯ ಮಾಡುವರೆಂಬ ಭರವಸೆಯ ಮುದ್ರೆಯಾಗಿತ್ತು. ನಗರ ಬಿದ್ದ ಮೇಲೆ, ಬಾಬಿಲೋನಿಗೆ ಬಂದರೆ ಸುಖವಾಗಿ ನೋಡಿಕೊಳ್ಳುವೆವೆಂದು ಗೆದ್ದವರು ಕರೆದಾಗಲೂ ಅವನು ಹೋಗಲಿಲ್ಲ. ಅಳಿದುಳಿದ ಬಡವರ ನಡುವೆಯೇ ನಿಂತನು.

ಪರರ ನೆಲದ ಭವಿಷ್ಯ ನುಡಿಯುವವನಿಗೆ ಇರಬೇಕಾದ ಅರ್ಹತೆ ಇಲ್ಲಿದೆ. ತನಗೆ ಇಷ್ಟವಾದುದನ್ನಲ್ಲ, ಕಂಡದ್ದನ್ನು ಹೇಳಬೇಕು. ಕಂಡದ್ದನ್ನು ಹೇಳುವಾಗ, ಬಲವಂತನು ಗೆಲ್ಲುವನೆಂಬುದರಿಂದಲೇ ಅದು ನ್ಯಾಯವೆಂದು ಹೇಳಬಾರದು. ಕೆಡುಕನ್ನು ಮುಂಗಂಡವನು ಅದು ಸುಳ್ಳಾಗಲೆಂದು ಹಾರೈಸಬೇಕು. ಅದು ನಿಜವಾದರೆ, ಕಳೆದುಕೊಂಡವರಿಗಾಗಿ ತನ್ನಿಂದಾದುದನ್ನು ತೆರಲು ಸಿದ್ಧನಿರಬೇಕು. ನೆಲ ಹೋದರೆ ಹಣ ಬರುವಂತೆ ಪಂದ್ಯ ಕಟ್ಟಿದವನು, ಬೇಕೋ ಬೇಡವೋ, ಹೋಗಲಿ ಎಂದೇ ಬಯಸತೊಡಗುತ್ತಾನೆ. ಪರರ ಕಣ್ಣೀರಿನಲ್ಲಿ ತನಗೊಂದು ಪಾಲು ಇಟ್ಟುಕೊಂಡಂತೆ ಅದು. ಅಂಥ ಪಂದ್ಯ ಕ್ರೈಸ್ತನಿಗೆ ತಕ್ಕದ್ದಲ್ಲ. ಯಾವ ಸಜ್ಜನನಿಗೂ ತಕ್ಕದ್ದಲ್ಲ.

ಆದುದರಿಂದ, ನಾಳೆ ರಾತ್ರಿಯ ಊಟದ ಹೊತ್ತಿನಲ್ಲಿ ಮಗ ಮತ್ತೆ ಈ ಪ್ರಶ್ನೆ ಎತ್ತಿದರೆ ಅವನನ್ನು ಸುಮ್ಮನಾಗಿಸಬೇಡಿರಿ. ಮಾತನಾಡಿರಿ. ಆದರೆ ಕೊಡುವರೇ ಎಂದು ಕೇಳುವುದಕ್ಕೆ ಮೊದಲು ಅಲ್ಲಿ ಇರುವವರು ಯಾರು, ಅವರನ್ನು ಯಾರಾದರೂ ಕೇಳಿದರೇ ಎಂದು ಕೇಳುವುದನ್ನು ಅವನಿಗೆ ಕಲಿಸಿರಿ. ಮನೆಯ ಹಿರಿಯರು ಇದ್ದರೆ ಸಿರುಗುಪ್ಪ ಯಾವ ಕಡೆಗೆಂದು ಜನ ಕಾತರದಿಂದ ಕಾದ ಆ ತಿಂಗಳುಗಳ ಬಗ್ಗೆ ಅವರು ಕೇಳಿದ್ದನ್ನು ಹೇಳಿಸಿರಿ. ಗಡಿಯಾಚೆ ನಂಟರಿರುವ ಮನೆಯಾದರೆ ಅವರ ಊರಿನ ಹೆಸರನ್ನು ಕುಟುಂಬ ಪ್ರಾರ್ಥನೆಯಲ್ಲಿ ಎತ್ತಿಕೊಳ್ಳಿರಿ. ಅದರೊಂದಿಗೇ ಖೆರ್ಸೋನ್ ಎಂಬ ಹೆಸರನ್ನೂ ಸೇರಿಸಿಕೊಳ್ಳಿರಿ.